ಲಾಳಿ ನಿಲ್ಲಿಸದೆ ಚಿತ್ತಾರ ಬದಲಿಸುವ ಕಲೆ

ನಮ್ಮ ಅಂತೂರ ಬೆಂತೂರಕ್ಕೆ ನೇಕಾರರ ಬೆಟಗೇರಿ ದೂರವೇನಲ್ಲ. ಅಲ್ಲಿ ಮಗ್ಗದ ಮನೆ ಹೊಕ್ಕವರಿಗೆ ಗೊತ್ತು: ಸೀರೆಯ ಚಿತ್ತಾರ ಬೇರೆಯಾಗಬೇಕೆಂದರೆ ಮಗ್ಗವನ್ನೇ ಕಿತ್ತು ಕಟ್ಟುವುದಿಲ್ಲ, ಜಕಾರ್ಡಿನ ರಟ್ಟುಗಳನ್ನು ಬದಲಿಸುತ್ತಾರೆ. ಅಷ್ಟು ಹೊತ್ತು ಲಾಳಿ ಮಾತ್ರ ಸುಮ್ಮನಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ಕೆ. ನಂದಿ ಅವರು ಕಂಪ್ಯೂಟರ್ ಚಿಪ್ಪಿನಲ್ಲಿ ಬೆನ್ನುಹತ್ತಿದ್ದು ಈ ಸುಮ್ಮನಿರುವ ಹೊತ್ತನ್ನು.

ಒಂದೇ ಕೆಲಸಕ್ಕೆಂದು ಮಾಡಿದ ಚಿಪ್ ಚುರುಕು, ಆದರೆ ಕೆಲಸ ಬದಲಾದ ದಿನ ಅದು ಬರೀ ಕಲ್ಲು. ಎಫ್‌ಪಿಜಿಎ ಎಂಬ ಇನ್ನೊಂದು ಬಗೆಯ ಚಿಪ್ಪನ್ನು ಬೇಕಾದಾಗ ತಿದ್ದಬಹುದು. 1985ರಲ್ಲಿ ಝೈಲಿಂಕ್ಸ್ ಕಂಪನಿ ತಂದ ಮೊದಲ ಚಿಪ್ಪಿನಲ್ಲಿ ಹಾಗೆ ತಿದ್ದಬಲ್ಲ 64 ತರ್ಕದ ಮನೆಗಳಿದ್ದವು. ಈ ಸೌಕರ್ಯ ಪುಕ್ಕಟೆ ಸಿಗುವುದಿಲ್ಲ. ಬರೀ ತರ್ಕದ ಭಾಗವನ್ನು ಲೆಕ್ಕ ಹಿಡಿದರೆ, ಒಂದೇ ಕೆಲಸದ ಚಿಪ್ಪಿಗಿಂತ ಸುಮಾರು 40 ಪಟ್ಟು ಹೆಚ್ಚು ಜಾಗ ಬೇಕೆಂದು ಟೊರಾಂಟೊದ ಸಂಶೋಧಕರು 2006ರಲ್ಲಿ ಅಳೆದು ತೋರಿಸಿದರು. ಬಿಟ್ ಬಿಟ್ಟನ್ನೂ ತಿದ್ದಲು ಹೊರಟರೆ ಇದು ಆಗುವಂಥದ್ದೇ.

ನಂದಿ ಮತ್ತು ಸಂಗಡಿಗರ 'ರಿಡಿಫೈನ್' ಎಂಬ ಚಿಪ್ ವಿನ್ಯಾಸ ಇಲ್ಲಿ ಜಾಣತನದ ದಾರಿ ಹಿಡಿಯಿತು. ಬಿಟ್ಟಿನ ಗೊಡವೆಗೆ ಹೋಗದೆ, ಸಿ ಭಾಷೆಯ ಪ್ರೋಗ್ರಾಮನ್ನು ಕಂಪೈಲರ್ 'ಹೈಪರ್‌ಆಪ್' ಎಂಬ ತುಂಡುಗಳಾಗಿ ಕತ್ತರಿಸುತ್ತದೆ. ಜೇನುಗೂಡಿನಂತೆ ಹೆಣೆದ ಲೆಕ್ಕದ ಘಟಕಗಳ ಮೇಲೆ, ಪ್ರೋಗ್ರಾಂ ಓಡುತ್ತಿರುವಾಗಲೇ, ಆ ತುಂಡುಗಳು ಒಂದೊಂದಾಗಿ ಬಂದು ಕೂಡುತ್ತವೆ, ಕೆಲಸ ಮುಗಿಸಿ ಜಾಗ ಬಿಡುತ್ತವೆ. 2009ರಲ್ಲಿ ಅಮೆರಿಕದ ಎಸಿಎಂ ನಿಯತಕಾಲಿಕದಲ್ಲಿ ಬಂದ ಪ್ರಬಂಧವನ್ನು ಓದಿದಾಗ ನನಗೆ ಹಿಡಿಸಿದ್ದು ಅದರ ವೇಗದ ಅಂಕಿಗಳಲ್ಲ, ಯಾವ ಅಳತೆಯ ತುಂಡು ಬೇಕೆಂದು ಆರಿಸಿದ ವಿವೇಕ.

ತಕರಾರೂ ಅಲ್ಲಿಂದಲೇ ಶುರು. ಹಾರ್ಡ್‌ವೇರ್ ಇಳಿಸಿದ ಹೊರೆಯನ್ನು ಕಂಪೈಲರ್ ಹೊತ್ತಿದೆ. ತಂಡ ಪರೀಕ್ಷೆಗೆ ಆಯ್ದುಕೊಂಡ ಗೂಢಲಿಪಿ, ಮ್ಯಾಟ್ರಿಕ್ಸ್ ಲೆಕ್ಕಗಳು ಹೇಳಿದಂತೆ ಕೇಳುವ ದನಗಳು, ನೊಗ ಕಂಡರೆ ತಾವೇ ಕೊರಳು ಕೊಡುತ್ತವೆ. ಹೆಜ್ಜೆಹೆಜ್ಜೆಗೂ ಕವಲೊಡೆಯುವ ಪ್ರೋಗ್ರಾಮಿಗೆ ಅದೇ ನೊಗ ಹೂಡಿದರೆ? ನನ್ನ ಅನುಮಾನ ಉಳಿದಿದೆ. ಇದೇ ವಿಚಾರವನ್ನು ಮಾರುಕಟ್ಟೆಗೆ ಒಯ್ಯಲು ನಂದಿ ಅವರು ರಂಜನಿ ನಾರಾಯಣ್ ಜೊತೆ ಕಟ್ಟಿದ 'ಮಾರ್ಫಿಂಗ್ ಮಷೀನ್ಸ್' ಕಂಪನಿ ಅದಕ್ಕೆ ಉತ್ತರ ಕೊಡಬೇಕು.

ಇನ್ನೊಂದು ಮಾತು. ನಂದಿ ದುಡಿದ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು 1982ರಿಂದ 1994ರವರೆಗೆ ನಡೆಸಿದವರು ವಿ. ರಾಜಾರಾಮನ್. ಅವರ ಫೋರ್ಟ್ರಾನ್ ಪುಸ್ತಕ ಹಿಡಿದೇ ಒಂದು ತಲೆಮಾರು ಪ್ರೋಗ್ರಾಂ ಬರೆಯಲು ಕಲಿಯಿತು. ರಿಡಿಫೈನ್ ಇರುವುದು ಅಂಥ ಪಠ್ಯಪುಸ್ತಕದಲ್ಲಲ್ಲ, ಪ್ರಬಂಧಗಳಲ್ಲಿ, ಪಿಎಚ್‌ಡಿ ಗ್ರಂಥಗಳಲ್ಲಿ. ಸಂಶೋಧಕನಿಗೆ ಅದೇನೂ ಕುಂದಲ್ಲ, ಆದರೆ ನಮ್ಮ ಕಡೆಯ ಕಾಲೇಜುಗಳಿಗೆ ನಷ್ಟ. ಇಲ್ಲಿಯ ಡಿಜಿಟಲ್ ಲ್ಯಾಬಿನಲ್ಲಿ ಹುಡುಗರು ಕೌಂಟರಿನ ವೆರಿಲಾಗ್ ಸಾಲುಗಳನ್ನು ಟೈಪು ಮಾಡಿ, ಬೋರ್ಡಿಗೆ ಇಳಿಸಿ, ಎಲ್‌ಇಡಿ ಮಿನುಗುವುದನ್ನೇ ಕಾಯುತ್ತಾರೆ. ಮಿನುಗಿತೋ, ರೆಕಾರ್ಡಿಗೆ ಸಹಿ ಬಿತ್ತು. ಆ ಬೋರ್ಡು ಓಡುತ್ತಲೇ ಇನ್ನೊಂದಾಗಬಹುದಿತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.