ಭೋಗ್ಯದ ಮನೆ: ಮುಂದುವರಿಸುವಾಗಲೇ ಎಡವುತ್ತೇವೆ

ಮನೆಗೆ ಬಾಡಿಗೆ ಇಲ್ಲ, ಹಣಕ್ಕೆ ಬಡ್ಡಿ ಇಲ್ಲ. ಭೋಗ್ಯದ ಇಡೀ ವ್ಯವಹಾರ ಇಷ್ಟರಲ್ಲೇ ಇದೆ. ಇಡುಗಂಟು ಕೊಟ್ಟು ಮನೆ ಸೇರಿದವರು ಅವಧಿ ಮುಗಿದಾಗ ಮನೆ ಬಿಟ್ಟು, ಕೊಟ್ಟಷ್ಟೇ ಹಣ ವಾಪಸ್ ಪಡೆಯುತ್ತಾರೆ. ಕೋಲಾರ ಜಿಲ್ಲೆಯ ಕಾಮಸಮುದ್ರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳಲ್ಲಿ ‘ಲೀಸ್‌ಗೆ ಮನೆ’ ಎಂದರೆ ಇದೇ.

ಪದ್ಧತಿ ಒಳ್ಳೆಯದೇ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಈ ಸೀಮೆಯ ಎಷ್ಟೋ ಜನರ ದುಡಿಮೆ ಬೆಂಗಳೂರಿನ ರೈಲು ಹತ್ತಿತು. ಸಂಬಳ ಒಂದು ತಿಂಗಳು ಬಂದು ಇನ್ನೊಂದು ತಿಂಗಳು ತಡವಾಗುವ ಮನೆಗೆ, ಬಾಡಿಗೆಯ ಕಾಟ ಇಲ್ಲದಿರುವುದೇ ದೊಡ್ಡ ನೆಮ್ಮದಿ. ಚೀಟಿ ಎತ್ತಿದ್ದೋ ಒಡವೆ ಮಾರಿದ್ದೋ ಆದ ಹಣ ಖರ್ಚಾಗಿ ಹೋಗದೆ ಒಂದು ಕಡೆ ನಿಂತಿರುತ್ತದೆ.

ಎಡವಟ್ಟು ಶುರುವಾಗುವುದು ಅವಧಿ ಮುಗಿದ ಮೇಲೆ. ಹಳೆಯ ಕರಾರು ಪತ್ರವನ್ನು ತೆಗೆದು ನೋಡಿ. ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು, ಕೆಳಗೆ ಇಬ್ಬರ ಸಹಿ. ಅದರ ಬೆನ್ನಿಗೆ ಪೆನ್ನಿನಲ್ಲಿ ‘ಮುಂದಿನ 11 ತಿಂಗಳಿಗೆ ವಿಸ್ತರಿಸಲಾಗಿದೆ’ ಎಂಬ ಒಂದು ಸಾಲು, ಮತ್ತೆ ಸಹಿ. ಅದರ ಕೆಳಗೆ ಅಂಥದೇ ಇನ್ನೊಂದು. ಲಕ್ಷಾಂತರ ರೂಪಾಯಿ ನಿಂತಿರುವುದು ಆ ಸಾಲುಗಳ ಮೇಲೆ.

ಈ 11 ತಿಂಗಳ ಲೆಕ್ಕಕ್ಕೆ ಕಾರಣವಿದೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಎರಡೂ ಕಡೆಯವರು ಒಂದು ತಿಂಗಳು ಕಡಿಮೆ ಬರೆಸುತ್ತಾರೆ. ಭೋಗ್ಯದಂತೆ ಹಣಕ್ಕೆ ಬದಲಾಗಿ ಮನೆಯನ್ನು ಸ್ವಾಧೀನಕ್ಕೆ ಕೊಡುವ ಅಡಮಾನವನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಒಪ್ಪುತ್ತದೆ. ಆದರೆ ಪತ್ರ ನೋಂದಣಿಯಾಗಿರಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಅದಿಲ್ಲದಿದ್ದರೆ ಮನೆಯ ಮೇಲಿನ ಹಿಡಿತ ತಪ್ಪಿ, ಕೊಟ್ಟ ಹಣ ಬರೀ ಕೈಸಾಲದ ಮಟ್ಟಕ್ಕೆ ಇಳಿಯುತ್ತದೆ. ಅದೇ ಮನೆಯ ಮೇಲೆ ಮಾಲೀಕರು ಬ್ಯಾಂಕಿನಲ್ಲಿ ಸಾಲ ಎತ್ತಿದ್ದು, ಬ್ಯಾಂಕು ಅದನ್ನು ಹರಾಜಿಗೆ ಹಾಕಿದರೆ? ಒಂದು ವರ್ಷ ಮೀರಿದ ಗುತ್ತಿಗೆಯ ಹಕ್ಕು ಹೇಳುವವರು ನೋಂದಾಯಿತ ಪತ್ರ ತೋರಿಸಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಬೆನ್ನಿಗೆ ಬರೆದ ಸಾಲು ಅಲ್ಲಿ ನಿಲ್ಲುವುದಿಲ್ಲ.

ಮುಂದುವರಿಸುವ ಮಾತು ಬರುವುದು ಎರಡು ಬಗೆಯಲ್ಲಿ. ‘ಈಗ ಕೈಯಲ್ಲಿ ದುಡ್ಡಿಲ್ಲಣ್ಣ, ಇನ್ನೊಂದು ವರ್ಷ ಇದ್ದುಬಿಡಿ’ ಎನ್ನುವುದು ಒಂದು. ಮಾಲೀಕರು ಆ ಹಣವನ್ನು ಮಗಳ ಮದುವೆಗೋ ಹಳೆಯ ಸಾಲಕ್ಕೋ ಹಾಕಿರುತ್ತಾರೆ. ಮುಂದಿನ ಭೋಗ್ಯದವರು ಸಿಕ್ಕರೆ ಮಾತ್ರ ಈಗ ಇರುವವರ ಹಣ ವಾಪಸ್ ಬರುತ್ತದೆ. ಇದನ್ನು ನವೀಕರಣ ಎನ್ನುವುದು ತಪ್ಪು, ಇದು ವಾಯಿದೆ ತಪ್ಪಿದ ಸಾಲ. ‘ಒಂದು ಲಕ್ಷ ಸೇರಿಸಿ ಕೊಡಿ’ ಎನ್ನುವುದು ಇನ್ನೊಂದು. ಈಗಿನ ಇಡುಗಂಟು ಐದು ಲಕ್ಷ ಎಂದುಕೊಳ್ಳಿ; ಅದನ್ನು ಶೇ 7ರ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ 35,000 ರೂಪಾಯಿ ಬರುತ್ತಿತ್ತು. ಆರು ಲಕ್ಷಕ್ಕೆ 42,000. ಬಾಡಿಗೆಯೇ ಇಲ್ಲ ಎಂದುಕೊಂಡವರ ಬಾಡಿಗೆ ಒಂದೇ ಏಟಿಗೆ ಶೇ 20 ಏರಿತು.

ದಕ್ಷಿಣ ಕೊರಿಯಾದಲ್ಲಿ ‘ಜೊನ್ಸೆ’ ಎಂಬ ಇಂಥದೇ ಪದ್ಧತಿ ಇದೆ. ಅಲ್ಲಿಯೂ ಇಡುಗಂಟು ಮುಳುಗಿ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. 2023ರಲ್ಲಿ ಅವರಿಗಾಗಿ ವಿಶೇಷ ಕಾಯ್ದೆಯೇ ಬಂತು. ಆದರೂ ಅಲ್ಲಿನವರಿಗೆ ಒಂದು ಆಸರೆ ಇದೆ. ವಾಸ ದಾಖಲಿಸಿ, ಸ್ಥಳೀಯ ಕಚೇರಿಯಲ್ಲಿ ಕರಾರಿಗೆ ದಿನಾಂಕದ ಮೊಹರು ಹಾಕಿಸಿಕೊಂಡರೆ ಮಾಲೀಕರಿಗೆ ನಂತರ ಸಾಲ ಕೊಟ್ಟವರಿಗಿಂತ ಇವರ ಹಣಕ್ಕೆ ಆದ್ಯತೆ. 2020ರಿಂದ, ಒಂದು ಸಲ ಎರಡು ವರ್ಷಕ್ಕೆ ಮುಂದುವರಿಸಿ ಎಂದು ಕೇಳುವ ಹಕ್ಕೂ ಇದೆ; ಏರಿಕೆ ಶೇ 5 ಮೀರುವಂತಿಲ್ಲ.

ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಪ್ರತಿ ನವೀಕರಣವನ್ನೂ ಹೊಸ ವ್ಯವಹಾರ ಎಂದೇ ನೋಡಬೇಕು. ಮತ್ತೊಮ್ಮೆ ಋಣಭಾರ ಪತ್ರ (ಇ.ಸಿ.) ತೆಗೆಸಿ; ಪಂಚಾಯಿತಿ ಮನೆಯಾದರೆ ಅಲ್ಲಿನ ಸ್ವತ್ತಿನ ದಾಖಲೆ ಯಾರ ಹೆಸರಿನಲ್ಲಿದೆ ನೋಡಿ; ಹೆಚ್ಚಿನ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ; ಉಪನೋಂದಣಿ ಕಚೇರಿಯಲ್ಲಿ ಭೋಗ್ಯ ಪತ್ರ ಮಾಡಿಸಿ. ‘ನಂಬಿಕೆ ಇಲ್ಲವಾ?’ ಎಂದು ಮಾಲೀಕರು ಕೇಳಬಹುದು. ನಂಬಿಕೆ ಇರುವುದರಿಂದಲೇ ಹಣ ಕೊಟ್ಟಿರುತ್ತೀರಿ. ನೋಂದಣಿಗೆ ಒಪ್ಪಿ ಅದನ್ನು ಉಳಿಸಿಕೊಳ್ಳುವ ಸರದಿ ಅವರದು. ಒಪ್ಪದಿದ್ದರೆ ಮುಂದುವರಿಸಬೇಡಿ, ಹಣ ಕೇಳಿ.