ಐತಿಹಾಸಿಕ ಗಣಕಕ್ರೀಡೆಗಳಲ್ಲಿ ಮಿತ್ರರಾಜನ ಪಾತ್ರ

ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಮಿತ್ರನನ್ನು ಕುರಿತ ಸ್ವಾರಸ್ಯವಾದ ಚರ್ಚೆಯೊಂದುಂಟು. ನಿತ್ಯನಾದರೂ ವಶ್ಯನಲ್ಲದ ಮಿತ್ರನು ಮೇಲೋ, ವಶ್ಯನಾದರೂ ನಿತ್ಯನಲ್ಲದ ಮಿತ್ರನು ಮೇಲೋ ಎಂಬುದು ಅಲ್ಲಿಯ ಪ್ರಶ್ನೆ. ಮೊದಲನೆಯವನು ಉಪಕಾರ ಮಾಡದಿದ್ದರೂ ಅಪಕಾರವನ್ನಂತೂ ಮಾಡನಾದುದರಿಂದ ಅವನೇ ಮೇಲೆಂದು ಆಚಾರ್ಯರ ಮತ. ಕೌಟಿಲ್ಯನು ಇದನ್ನೊಪ್ಪದೆ, ಉಪಕಾರವೇ ಮಿತ್ರನ ಲಕ್ಷಣವಾದುದರಿಂದ ಎರಡನೆಯವನೇ ಮೇಲೆಂದು ನಿರ್ಣಯಿಸುತ್ತಾನೆ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಈ ಗ್ರಂಥವನ್ನು ಅಚ್ಚಿಗೆ ತಂದ ತರುವಾಯ ವಿದ್ವಾಂಸರಿಗೆ ಪರಿಚಿತವಾದ ಈ ವಾದವು ಈಗ ಅನಿರೀಕ್ಷಿತವಾದ ಸ್ಥಳವೊಂದರಲ್ಲಿ ಮರಳಿ ತಲೆಯೆತ್ತಿದೆ. ಗಣಕಯಂತ್ರದಲ್ಲಿ ಆಡುವ ಐತಿಹಾಸಿಕ ರಾಜ್ಯತಂತ್ರದ ಆಟಗಳೇ ಆ ಸ್ಥಳ.

ಈ ಆಟಗಳಲ್ಲಿ ಆಟಗಾರನು ಒಂದು ರಾಜ್ಯದ ಅಧಿಪತಿಯಾಗಿ ಸಂಧಿವಿಗ್ರಹಗಳನ್ನು ನಡೆಸುತ್ತಾನೆ. ಉಳಿದ ರಾಜ್ಯಗಳನ್ನು ಯಂತ್ರವೇ ನಡೆಸುತ್ತದೆ. ಯಂತ್ರವು ನಡೆಸುವ ಶತ್ರುವಿಗಿಂತ ಅದು ನಡೆಸುವ ಮಿತ್ರನ ಮೇಲೆಯೇ ಆಟಗಾರರ ದೂರು ಹೆಚ್ಚು. ಬಹುಕಾಲ ಜೊತೆಯಲ್ಲಿದ್ದ ರಾಜನು ಕರೆದಾಗ ಬಾರನು. ಬಂದರೂ, ಮುಖ್ಯವಾದ ಕಾಳಗವು ನಡೆಯುತ್ತಿರುವಾಗ ದೂರದ ಕೋಟೆಯೊಂದಕ್ಕೆ ಮುತ್ತಿಗೆ ಹಾಕಿ ಕುಳಿತಿರುವನು. ಮರುವರ್ಷ ತಾನೇ ದಂಡೆತ್ತಿ ಬರುವನು. ಇಂತಹ ಮಿತ್ರನಿರುವ ಆಟವು ದೋಷಯುಕ್ತವೆಂಬುದು ಸಾಮಾನ್ಯವಾದ ಆಕ್ಷೇಪ. ಆದರೆ ಈ ಆಕ್ಷೇಪದಲ್ಲಿ ಎರಡು ವಿಷಯಗಳು ಬೆರೆತುಹೋಗಿವೆ. ಮಿತ್ರನ ನಡತೆಯನ್ನು ಮುಂಚಿತವಾಗಿ ಊಹಿಸಲಾಗದಿರುವುದು ಒಂದು. ನಡೆದ ಮೇಲೂ ಅದರ ಕಾರಣವು ತಿಳಿಯದಿರುವುದು ಇನ್ನೊಂದು. ಮೊದಲನೆಯದು ಇತಿಹಾಸದ ಸ್ವಭಾವವೇ ಆಗಿದೆ; ಎರಡನೆಯದು ಮಾತ್ರ ರಚನೆಯ ದೋಷ.

ಇದಕ್ಕೆ ಜಪಾನಿನ ಇತಿಹಾಸದಲ್ಲಿ ಒಳ್ಳೆಯ ನಿದರ್ಶನವಿದೆ. ಓಡಾ ನೊಬುನಾಗನು ತನ್ನ ತಂಗಿಯಾದ ಓಇಚಿಯನ್ನು ಅಜಾಯಿ ನಾಗಮಾಸನಿಗೆ ಕೊಟ್ಟು ಅವನೊಡನೆ ಮೈತ್ರಿಯನ್ನು ಬೆಳೆಸಿದನು. 1570ರಲ್ಲಿ ನೊಬುನಾಗನು ಅಸಾಕುರಾ ಮನೆತನದ ಮೇಲೆ ದಂಡೆತ್ತಿ ಹೋದಾಗ ಈ ಭಾವಮೈದುನನೇ ಬೆನ್ನ ಹಿಂದಿನಿಂದ ತಿರುಗಿಬಿದ್ದನು. ನೊಬುನಾಗನು ಇದನ್ನು ನಿರೀಕ್ಷಿಸಿರಲಿಲ್ಲ. ಆದರೆ ಅಜಾಯಿ ಮನೆತನಕ್ಕೆ ಅಸಾಕುರಾ ಮನೆತನದೊಡನೆ ಹಳೆಯ ಮೈತ್ರಿಯಿತ್ತು. ಎರಡು ಋಣಗಳ ನಡುವೆ ಸಿಕ್ಕಿದವನು ಹಳೆಯದನ್ನು ಆರಿಸಿಕೊಂಡನೆಂದು ತಿಳಿದೊಡನೆ ಆ ದ್ರೋಹಕ್ಕೆ ಅರ್ಥವು ಒದಗುತ್ತದೆ. ಅದೇ ನೊಬುನಾಗನೊಡನೆ ಟೊಕುಗಾವಾ ಇಯೆಯಾಸುವು 1562ರಲ್ಲಿ ಮಾಡಿಕೊಂಡ ಸಂಧಿಯಾದರೋ 1582ರಲ್ಲಿ ನೊಬುನಾಗನು ಸಾಯುವವರೆಗೂ ಉಳಿಯಿತು. ನಿರೀಕ್ಷೆಗೆ ವಿರುದ್ಧವಾಗಿದ್ದರೂ ಒಂದರಿಂದೊಂದು ಹುಟ್ಟಿಬರುವ ಘಟನೆಗಳೇ ಶ್ರೇಷ್ಠವೆಂದು ಅರಿಸ್ಟಾಟಲನು ದುರಂತನಾಟಕವನ್ನು ಕುರಿತು ಹೇಳಿದ ಮಾತು ಇಲ್ಲಿಗೂ ಸಲ್ಲುವುದು.

ಇದೇ ಕಾಲವನ್ನು ವಸ್ತುವಾಗಿ ಮಾಡಿಕೊಂಡು ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿಯವರು 2011ರಲ್ಲಿ ‘ಶೋಗನ್ 2’ ಎಂಬ ಆಟವನ್ನು ಹೊರತಂದರು. ಆಟಗಾರನ ಕೀರ್ತಿಯು ಒಂದು ಮಿತಿಯನ್ನು ಮುಟ್ಟಿದೊಡನೆ ಶೋಗನನು ಅವನನ್ನು ರಾಜ್ಯದ ಶತ್ರುವೆಂದು ಸಾರುತ್ತಾನೆ. ಅಂದಿನಿಂದ ಸರದಿಸರದಿಗೂ ಬೆಳೆಯುವ ವೈಮನಸ್ಯದಿಂದ ಹಳೆಯ ಮಿತ್ರರೂ ದೂರವಾಗುತ್ತಾರೆ. ಆಟದ ಕೊನೆಯ ಭಾಗವು ಸಪ್ಪೆಯಾಗದಿರಲೆಂಬುದು ಇದರ ಉದ್ದೇಶ. ಆ ಉದ್ದೇಶವು ಸಫಲವೂ ಆಗಿದೆ. ಆದರೆ ಇಲ್ಲಿ ಅಜಾಯಿಗೂ ಇಯೆಯಾಸುವಿಗೂ ಭೇದವೇ ಉಳಿಯುವುದಿಲ್ಲ. ದ್ರೋಹವು ಮಿತ್ರನ ಮನಸ್ಸಿನಲ್ಲಿ ಹುಟ್ಟದೆ ಆಟದ ನಿಯಮದಲ್ಲಿ ಹುಟ್ಟುತ್ತದೆ. ಒಮ್ಮೆ ಆಡಿದವನಿಗೆ ಅದು ಅನಿರೀಕ್ಷಿತವೂ ಅಲ್ಲ.

ಅಮೆರಿಕದ ‘ಸಿವಿಲೈಜೇಷನ್’ ಮಾಲೆಯಲ್ಲಿ ಈ ಸಮಸ್ಯೆಯು ಬೇರೆ ಬಗೆಯಲ್ಲಿ ತೋರುತ್ತದೆ. ಸೋರೆನ್ ಜಾನ್ಸನ್ನನು ರೂಪಿಸಿದ ನಾಲ್ಕನೆಯ ಆಟದಲ್ಲಿ (2005) ಪ್ರತಿಯೊಬ್ಬ ನಾಯಕನ ಪ್ರೀತಿದ್ವೇಷಗಳು ಕೂಡಿಸುವ ಕಳೆಯುವ ಅಂಕಗಳಾಗಿ ಕಣ್ಣಿಗೆ ಕಾಣುತ್ತವೆ: ಸಮಾನಧರ್ಮಕ್ಕೆ ಇಷ್ಟು, ವ್ಯಾಪಾರಕ್ಕೆ ಇಷ್ಟು, ಬೇಡಿದ್ದನ್ನು ಕೊಡದಿದ್ದುದಕ್ಕೆ ಇಷ್ಟು ನಷ್ಟ. ಆದರೆ ಎಷ್ಟು ಪ್ರಸನ್ನನಾಗಿದ್ದರೆ ಯಾವ ನಾಯಕನು ಯುದ್ಧವನ್ನು ಬಿಟ್ಟಾನೆಂಬುದು ಒಬ್ಬೊಬ್ಬನಿಗೆ ಒಂದೊಂದು ಬಗೆಯಾಗಿ ಒಳಗೇ ನಿಶ್ಚಯಿಸಲ್ಪಟ್ಟಿದೆ. ಲೆಕ್ಕವು ಬಯಲು, ಶೀಲವು ಗುಪ್ತ. ಈ ಹೊಂದಿಕೆಯು ಪ್ರಶಂಸನೀಯವಾದುದು. ಐದನೆಯ ಆಟವು (2010) ಹೊರಬಂದಾಗ ಈ ಲೆಕ್ಕವನ್ನು ಮರೆಮಾಡಲಾಗಿತ್ತು. ಒಳಗೆ ಹಗೆಯಿಟ್ಟುಕೊಂಡು ಹೊರಗೆ ಸ್ನೇಹವನ್ನು ನಟಿಸುವ ಶಕ್ತಿಯೂ ನಾಯಕರಿಗೆ ಬಂದಿತು. ಕಲ್ಪನೆಯು ಉತ್ತಮವೇ, ಆದರೆ ಕಪಟವು ಬಯಲಾದ ಮೇಲೂ ಅದರ ಮೂಲವು ತಿಳಿಯದಿದ್ದುದರಿಂದ ಆಟಗಾರರಿಗೆ ಅದು ಕಪಟವಾಗಿ ಕಾಣದೆ ಹುಚ್ಚಾಗಿ ಕಂಡಿತು. ತರುವಾಯದ ಪರಿಷ್ಕರಣಗಳಲ್ಲಿ ಕಾರಣಗಳನ್ನು ಮತ್ತೆ ತೋರಿಸಬೇಕಾಯಿತು.

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಯೂರೋಪಾ ಯೂನಿವರ್ಸಾಲಿಸ್’ ನಾಲ್ಕನೆಯ ಆಟವು (2013) ಕನ್ನಡಿಗರಿಗೆ ವಿಶೇಷವಾಗಿ ಪರಿಶೀಲನಾರ್ಹ. 1444ರ ನವೆಂಬರ್ 11ರಂದು ಆರಂಭವಾಗುವ ಅದರ ಭೂಪಟದಲ್ಲಿ ವಿಜಯನಗರವೂ ಬಹಮನಿಯೂ ಇವೆ. ಇಲ್ಲಿ ಮಿತ್ರನು ಯುದ್ಧಕ್ಕೆ ಬಾರದಿದ್ದರೆ ಅವನ ಸಾಲ, ದೂರ, ಬೇರೆ ಯುದ್ಧ, ವಿಶ್ವಾಸದ ಕೊರತೆ ಎಂದು ಕಾರಣಗಳು ತೋರುತ್ತವೆ. ಮಿತಿಮೀರಿ ಆಕ್ರಮಿಸಿದವನ ವಿರುದ್ಧ ನೆರೆಯ ರಾಜ್ಯಗಳು ಒಕ್ಕೂಟವನ್ನು ಕಟ್ಟುತ್ತವೆ. ಒಬ್ಬ ಸುಲ್ತಾನನೊಡನೆ ಕೂಡಿ ಮತ್ತೊಬ್ಬನನ್ನು ಮಣಿಸುತ್ತ ಬಂದ ಅಳಿಯ ರಾಮರಾಯನ ಎದುರಿಗೆ 1565ರಲ್ಲಿ ಆ ಸುಲ್ತಾನರೇ ಒಂದಾದುದನ್ನು ಬಲ್ಲವರಿಗೆ ಈ ನಿಯಮದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಯುದ್ಧವನ್ನು ಸಾರುವ ಮುನ್ನವೇ ಯಾವ ಮಿತ್ರನು ಬರುವನು, ಯಾವನು ಬಾರನು ಎಂಬುದನ್ನು ಗುರುತು ಹಾಕಿ ತೋರಿಸುವುದು ಈ ಆಟದ ಕೊರತೆ. ಹೀಗೆ ಮಿತ್ರನು ಕೌಟಿಲ್ಯನು ಮೆಚ್ಚಿದ ವಶ್ಯಮಿತ್ರನಿಗಿಂತಲೂ ವಶ್ಯನಾಗಿ ಕೇವಲ ಆಯುಧವಾಗುತ್ತಾನೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಇತಿಹಾಸದಲ್ಲಿಯೂ ಕಾರಣ ತಿಳಿಯದ ದ್ರೋಹಗಳಿಲ್ಲವೆ? 1582ರಲ್ಲಿ ಅಕೆಚಿ ಮಿತ್ಸುಹಿಡೆಯು ಹೊನ್ನೋಜಿ ದೇವಾಲಯದಲ್ಲಿ ತನ್ನ ಪ್ರಭುವಾದ ನೊಬುನಾಗನ ಮೇಲೆ ಏಕೆ ಬಿದ್ದನೆಂಬುದು ಇಂದಿಗೂ ವಿವಾದಗ್ರಸ್ತ. ನಿಜ. ಆದರೆ ಅಲ್ಲಿ ಕಾರಣವು ಇರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಅವಮಾನವೋ, ಮಹತ್ವಾಕಾಂಕ್ಷೆಯೋ, ಭಯವೋ ಎಂದು ಪಂಡಿತರು ವಿಚಾರಿಸುತ್ತಲೇ ಇರುವರು. ವಿಚಾರಕ್ಕೆ ಎಡೆಯಿರುವ ಗೂಢತೆ ಬೇರೆ, ವಿಚಾರವನ್ನೇ ನಿರರ್ಥಕಗೊಳಿಸುವ ಯಾದೃಚ್ಛಿಕತೆ ಬೇರೆ. ಪಗಡೆಯ ದಾಳ ಬಿದ್ದಂತೆ ಮಿತ್ರನು ತಿರುಗಿದರೆ ವಿಚಾರಿಸತಕ್ಕದ್ದೇನೂ ಉಳಿಯುವುದಿಲ್ಲ.

ಈ ವಿವೇಚನೆಯು ಕೇವಲ ವಿನೋದಕ್ಕೆ ಸಂಬಂಧಿಸಿದುದಲ್ಲ. ನೊಬುನಾಗನ ಹೆಸರನ್ನಾಗಲಿ ವಿಜಯನಗರದ ಎಲ್ಲೆಯನ್ನಾಗಲಿ ಪಾಠಶಾಲೆಗಿಂತ ಮೊದಲು ಇಂತಹ ಆಟಗಳಲ್ಲಿ ಕಂಡ ತರುಣರಿರುವರು. ಸ್ನೇಹವು ಅಂಕಗಳಿಂದ ಕೊಳ್ಳತಕ್ಕ ವಸ್ತುವೆಂದಾಗಲಿ, ದ್ರೋಹವು ನಿಷ್ಕಾರಣವಾದ ಉತ್ಪಾತವೆಂದಾಗಲಿ ಆಟವು ಕಲಿಸಿದರೆ ಎರಡೂ ಇತಿಹಾಸಕ್ಕೆ ಅಪಚಾರವೇ. ಆದುದರಿಂದ ಮಿತ್ರನನ್ನು ಹೆಚ್ಚು ವಿಧೇಯನನ್ನಾಗಿ ಮಾಡುವುದು ಪರಿಹಾರವಲ್ಲ. ಅವನಿಗೆ ತನ್ನದೇ ಆದ ಹಿತವನ್ನೂ ಹಳೆಯ ಋಣಗಳನ್ನೂ ಕೊಟ್ಟು, ಘಟನೆಗೆ ಮೊದಲು ಅವುಗಳನ್ನು ಅರೆಮರೆಯಾಗಿಟ್ಟು, ಘಟನೆಯ ತರುವಾಯ ಬಿಡಿಸಿ ತೋರಿಸುವುದೇ ಸರಿಯಾದ ಮಾರ್ಗ. ಮೇಲೆ ಪರೀಕ್ಷಿಸಿದ ಆಟಗಳಲ್ಲಿ ನಾಲ್ಕನೆಯ ‘ಸಿವಿಲೈಜೇಷನ್’ ಈ ಮಾರ್ಗಕ್ಕೆ ಎಲ್ಲಕ್ಕಿಂತ ಹತ್ತಿರವಾಗಿದೆ.