ಮಾಯಾಚಿತ್ರಗಳೂ ಸಾತ್ತ್ವಿಕಾಭಿನಯವೂ

ಬ್ರಹ್ಮನು ಋಗ್ವೇದದಿಂದ ಪಾಠ್ಯವನ್ನೂ, ಸಾಮವೇದದಿಂದ ಗೀತವನ್ನೂ, ಯಜುರ್ವೇದದಿಂದ ಅಭಿನಯವನ್ನೂ, ಅಥರ್ವಣವೇದದಿಂದ ರಸವನ್ನೂ ತೆಗೆದುಕೊಂಡು ನಾಟ್ಯವೆಂಬ ಐದನೆಯ ವೇದವನ್ನು ನಿರ್ಮಿಸಿದನೆಂದು ಭರತಮುನಿಯು ಹೇಳಿರುವನು. ನಾಟ್ಯವು ಹುಟ್ಟಿದುದೇ ಅನೇಕ ಸಾಮಗ್ರಿಗಳ ಮೇಳನದಿಂದ ಎಂಬುದು ಈ ಕಥೆಯ ತಾತ್ಪರ್ಯ. ಆದುದರಿಂದ ಇಂದಿನ ಅದ್ಭುತಕಥೆಯ ಚಲಚ್ಚಿತ್ರಗಳಲ್ಲಿ ನಟನೆ, ಚಿತ್ರಲೇಖನ, ಗೊಂಬೆಗಾರಿಕೆ, ಗಣಕಯಂತ್ರ, ವಿಡಿಯೋ ಆಟದ ತಂತ್ರ ಇವೆಲ್ಲವೂ ಒಂದರೊಳಗೊಂದು ಬೆರೆತಿರುವುದನ್ನು ಕಂಡು ಕಲೆಯೇ ಕೆಟ್ಟಿತೆಂದು ಗಾಬರಿಗೊಳ್ಳುವುದು ಉಚಿತವಲ್ಲ. ವಿಚಾರಿಸಬೇಕಾದ ಸಂಗತಿ ಬೇರೆ. ಹೀಗೆ ಬೆರೆತ ಸಾಮಗ್ರಿಗಳನ್ನು ಒಂದಾಗಿ ಹಿಡಿದು ನಿಲ್ಲಿಸುವ ಸೂತ್ರವು ಯಾವುದು? ಅದು ಕಡಿದುಹೋದರೆ ಉಳಿಯುವುದೇನು?

ಈ ವಿಚಾರಕ್ಕೆ ಪೀಟರ್ ಜಾಕ್ಸನ್ ಎಂಬ ನಿರ್ದೇಶಕನು ನ್ಯೂಜಿಲೆಂಡಿನಲ್ಲಿ ನಿರ್ಮಿಸಿ 2001ರಿಂದ 2003ರವರೆಗೆ ವರ್ಷಕ್ಕೊಂದರಂತೆ ತೆರೆಗೆ ತಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರತ್ರಯವು ಒಳ್ಳೆಯ ನಿಕಷವಾಗಿದೆ. ಇದರ ಮೂಲಗ್ರಂಥವನ್ನು ಬರೆದ ಟೋಲ್ಕಿನ್ ಪಂಡಿತನು 1939ರ ತನ್ನ ಉಪನ್ಯಾಸವೊಂದರಲ್ಲಿ, ಅದ್ಭುತಕಥೆಯು ಮಾತಿನಲ್ಲಿಯೇ ಶೋಭಿಸತಕ್ಕದ್ದೆಂದೂ, ರಂಗದ ಮೇಲೆ ತಂದು ಕಣ್ಣಿಗೆ ತೋರಿಸಹೊರಟರೆ ಅದು ಬಹುಮಟ್ಟಿಗೆ ಸೋಲುವುದೆಂದೂ ಪ್ರತಿಪಾದಿಸಿದ್ದನು. ಅಂತಹವನ ಕೃತಿಯನ್ನೇ ತೆರೆಯ ಮೇಲೆ ತರಹೊರಟುದು ಸಾಹಸವೇ ಸರಿ. ಜಾಕ್ಸನ್ನನು ಇದಕ್ಕಾಗಿ ಬಳಸಿದ ಸಾಧನಗಳು ಬಹಳ. ಒಂದು ಇಡೀ ನಗರವನ್ನು 72ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಮಾದರಿಯಾಗಿ ಕಟ್ಟಿಸಿದನು. ಒಬ್ಬ ನಟನನ್ನು ಹತ್ತಿರವೂ ಇನ್ನೊಬ್ಬನನ್ನು ದೂರವೂ ಕೂರಿಸಿ, ಒಂದೇ ಗಾಡಿಯಲ್ಲಿ ದೈತ್ಯನೂ ಕುಳ್ಳನೂ ಕುಳಿತಂತೆ ಕಣ್ಣನ್ನು ವಂಚಿಸಿದನು. ಸಹಸ್ರಾವಧಿ ಸೈನಿಕರ ಯುದ್ಧವನ್ನು ಗಣಕಯಂತ್ರದಿಂದ ಹುಟ್ಟಿಸಿದನು.

ಆದರೆ ಈ ಮೂರು ಚಿತ್ರಗಳ ಜೀವಾಳವು ಈ ಯುದ್ಧಗಳಲ್ಲಿಲ್ಲ. ಗಾಲಮ್ ಎಂಬ ಒಂದು ದೀನಪ್ರಾಣಿಯಲ್ಲಿದೆ. ಉಂಗುರದ ಮೋಹಕ್ಕೆ ಸಿಕ್ಕಿ ಮನುಷ್ಯತ್ವವನ್ನು ಕಳೆದುಕೊಂಡ ಈ ಪಾತ್ರವನ್ನು ಆಂಡಿ ಸರ್ಕಿಸ್ ಎಂಬ ನಟನು ಮೊದಲು ಇತರ ನಟರೊಡನೆ ನಿಂತು ಅಭಿನಯಿಸಿದನು; ಬಳಿಕ ಗುರುತುಚುಕ್ಕೆಗಳನ್ನು ಅಂಟಿಸಿದ ಉಡುಪನ್ನು ತೊಟ್ಟು ತನ್ನ ಅಂಗಚಲನೆಯನ್ನು ಯಂತ್ರಕ್ಕೆ ಒಪ್ಪಿಸಿದನು. ಅವನ ಮುಖದ ವಿಕಾರಗಳನ್ನು ನೋಡಿನೋಡಿ ಚಿತ್ರಕಾರರು ಗಾಲಮ್‌ನ ಮುಖವನ್ನು ತಾವೇ ರೂಪಿಸಿ ಚಲಿಸುವಂತೆ ಮಾಡಿದರು. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ ಆಂಗಿಕವೂ ವಾಚಿಕವೂ ನಟನವು. ಆಹಾರ್ಯವು ಸಂಪೂರ್ಣವಾಗಿ ಯಂತ್ರದ್ದು. ಹಾಗಾದರೆ ನಾಲ್ಕನೆಯದಾದ ಸಾತ್ತ್ವಿಕವು ಯಾರದು? ಎರಡನೆಯ ಚಿತ್ರದಲ್ಲಿ ಆ ಪ್ರಾಣಿಯು ತನ್ನೊಡನೆ ತಾನೇ ವಾದಿಸುವ ಪ್ರಸಂಗವಿದೆ. ಒಂದೇ ಮುಖದಲ್ಲಿ ಕ್ರೌರ್ಯವೂ ಕಾತರವೂ ಸರದಿಯಂತೆ ಬಂದುಹೋಗುವುವು, ಸ್ವರವು ಒಡೆಯುವುದು, ಕಣ್ಣು ತುಂಬುವುದು. ಸ್ವರಭೇದವೂ ಅಶ್ರುವೂ ಭರತನು ಎಣಿಸಿದ ಎಂಟು ಸಾತ್ತ್ವಿಕಭಾವಗಳಲ್ಲಿ ಸೇರಿದುವು. ಸತ್ತ್ವವು ಮನಸ್ಸಿನಿಂದ ಹುಟ್ಟತಕ್ಕದ್ದು, ಸಮಾಹಿತವಾದ ಮನಸ್ಸಿಗೆ ಮಾತ್ರ ಲಭ್ಯವಾದುದು ಎಂಬುದು ಮುನಿಯ ಮತ. ಇಲ್ಲಿ ಅಂತಹ ಮನಸ್ಸು ನಟನಲ್ಲಿತ್ತು. ಅವನ ಮುಖವನ್ನು ಧ್ಯಾನಿಸಿದ ಚಿತ್ರಕಾರರಲ್ಲಿಯೂ ಇತ್ತು. ಯಂತ್ರವು ಅದನ್ನು ಹೊತ್ತು ತಂದಿತೇ ಹೊರತು ಹುಟ್ಟಿಸಲಿಲ್ಲ.

ಇದೇ ನಿರ್ದೇಶಕನು 2012ರಿಂದ 2014ರವರೆಗೆ ‘ದಿ ಹಾಬಿಟ್’ ಎಂಬ ಒಂದು ಚಿಕ್ಕ ಪುಸ್ತಕವನ್ನು ಮೂರು ಚಿತ್ರಗಳಾಗಿ ಹಿಗ್ಗಿಸಿದನು. ಸಾಧನಗಳು ಈ ವೇಳೆಗೆ ಮತ್ತಷ್ಟು ಬೆಳೆದಿದ್ದುವು. ಸೆಕೆಂಡಿಗೆ 24 ಚಿತ್ರಗಳ ಬದಲು 48 ಚಿತ್ರಗಳು. ಎರಡು ಕಣ್ಣಿಗೂ ಬೇರೆಬೇರೆ ಬಿಂಬವನ್ನು ಒದಗಿಸುವ ಮೂರು ಆಯಾಮದ ಕ್ಯಾಮೆರಾ. ಫಲವೇನಾಯಿತು? ಆ ಅತಿಸ್ಪಷ್ಟತೆಯಲ್ಲಿ ಅರಮನೆಯು ರಂಗಸಜ್ಜಿಕೆಯಾಗಿಯೂ ಗಡ್ಡವು ಅಂಟಿಸಿದ ಗಡ್ಡವಾಗಿಯೂ ಕಾಣುವುದೆಂದು ಅನೇಕ ಪ್ರೇಕ್ಷಕರು ದೂರಿದರು. ವ್ಯಂಗ್ಯವಾಗಿ ಇರಬೇಕಾದುದು ವಾಚ್ಯವಾದಾಗ ಕಾವ್ಯಕ್ಕೆ ಒದಗುವ ಹಾನಿಯೇ ಇಲ್ಲಿ ಚಿತ್ರಕ್ಕೂ ಒದಗಿತು.

ಇದಕ್ಕಿಂತಲೂ ಗಂಭೀರವಾದ ಹಾನಿಯು ತೆರೆಯ ಹಿಂದೆ ನಡೆದಿತ್ತು. ಹತ್ತಿರ ದೂರಗಳಿಂದ ಕಣ್ಣನ್ನು ವಂಚಿಸುವ ಹಳೆಯ ಉಪಾಯವು ಮೂರು ಆಯಾಮದ ಕ್ಯಾಮೆರಾದ ಮುಂದೆ ನಡೆಯದು. ಆದುದರಿಂದ ಮಾಂತ್ರಿಕ ಗ್ಯಾಂಡಾಲ್ಫನ ಪಾತ್ರವನ್ನು ವಹಿಸಿದ ವೃದ್ಧನಟ ಇಯನ್ ಮೆಕೆಲನ್, ಹದಿಮೂರು ಜನ ಕುಬ್ಜರೊಡನೆ ಮಾತನಾಡುವ ಸನ್ನಿವೇಶದಲ್ಲಿ ಹಸುರು ಬಣ್ಣದ ಬರಿಯ ಅಂಕಣದೊಳಗೆ ಒಬ್ಬನೇ ನಿಂತು, ಅವರ ಭಾವಚಿತ್ರಗಳನ್ನು ನೋಡುತ್ತ ಅಭಿನಯಿಸಬೇಕಾಯಿತು. ಆ ಏಕಾಂತದಲ್ಲಿ ತನಗೆ ಕಣ್ಣೀರು ಬಂದಿತೆಂದು ಆತನೇ ಮುಂದೆ ಹೇಳಿಕೊಂಡನು. ಅಶ್ರುವು ಇಲ್ಲಿಯೂ ಬಂದಿತು. ಆದರೆ ಅದು ಪಾತ್ರದ ಅಶ್ರುವಲ್ಲ, ನಟನ ಅಶ್ರು. ಎದುರುನಟನೆಂಬ ಆಲಂಬನವನ್ನು ಕಿತ್ತುಕೊಂಡು ಭಾವವನ್ನು ಮಾತ್ರ ಕೊಡೆಂದು ಕೇಳುವುದು ನ್ಯಾಯವೇ?

ಸಾಧನಗಳ ಬಡತನವೂ ಸತ್ತ್ವಕ್ಕೆ ಅಡ್ಡಿಯಾಗದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿಯಿದೆ. 1957ರಲ್ಲಿ ಕೆ. ವಿ. ರೆಡ್ಡಿಯವರು ತೆಲುಗು ತಮಿಳುಗಳಲ್ಲಿ ನಿರ್ದೇಶಿಸಿದ ‘ಮಾಯಾಬಜಾರ್’ ಚಿತ್ರದಲ್ಲಿ ಘಟೋತ್ಕಚನ ಬಾಯಿಗೆ ಲಾಡುಗಳು ತಾವಾಗಿಯೇ ಹಾರಿಬರುವ ಚಮತ್ಕಾರವನ್ನು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರು ಕೇವಲ ಕ್ಯಾಮೆರಾದ ಚಾತುರ್ಯದಿಂದ ಸಾಧಿಸಿದರು. ಅದು ಮನೋಹರವೇ. ಆದರೆ ನಿಜವಾದ ಮಾಯೆಯು ಘಟೋತ್ಕಚನು ಶಶಿರೇಖೆಯ ರೂಪವನ್ನು ಧರಿಸಿದ ಮೇಲೆ ಆರಂಭವಾಗುವುದು. ಅಲ್ಲಿ ಯಂತ್ರಕ್ಕೆ ಕೆಲಸವೇ ಇಲ್ಲ. ನಟಿ ಸಾವಿತ್ರಿಯವರು ಕೋಮಲವಾದ ತಮ್ಮ ಶರೀರದಲ್ಲಿ ರಾಕ್ಷಸನ ಠೀವಿಯನ್ನೂ ಗತ್ತನ್ನೂ ತಂದು ನಿಲ್ಲಿಸುವರು. ವರನಾದ ಲಕ್ಷ್ಮಣಕುಮಾರನು ನಡುಗುವಾಗ ನೋಡುವವರಿಗೆ ನಗುವೂ ಬೆರಗೂ ಒಟ್ಟಿಗೆ ಬರುವುವು. ಗಾಲಮ್‌ನಲ್ಲಿ ನಟನ ಮನಸ್ಸು ಯಂತ್ರದ ದೇಹವನ್ನು ಹೊಕ್ಕಿತು. ಇಲ್ಲಿ ರಾಕ್ಷಸನ ಮನಸ್ಸು ನಟಿಯ ದೇಹವನ್ನು ಹೊಕ್ಕಿತು. ಪರಕಾಯಪ್ರವೇಶವು ಎರಡೂ ಕಡೆ ಒಂದೇ.

ತಂತ್ರವು ಬೆಳೆದಂತೆಲ್ಲ ಸತ್ತ್ವವು ಸೊರಗಲೇಬೇಕೆಂಬ ನಿಯಮವೂ ಇಲ್ಲ. 2019ರ ‘ದಿ ಮ್ಯಾಂಡಲೋರಿಯನ್’ ಎಂಬ ಧಾರಾವಾಹಿಗಾಗಿ ಇಪ್ಪತ್ತು ಅಡಿ ಎತ್ತರದ, ಅರ್ಧವೃತ್ತಕ್ಕಿಂತಲೂ ಹೆಚ್ಚಾಗಿ ಸುತ್ತುವರಿದ, ಬೆಳಕಿನ ದೀಪಗಳ ಗೋಡೆಯೊಂದನ್ನು ಕಟ್ಟಿದರು. ವಿಡಿಯೋ ಆಟಗಳಿಗಾಗಿ ಹುಟ್ಟಿದ ತಂತ್ರಾಂಶವು ಅದರ ಮೇಲೆ ಮರುಭೂಮಿಯನ್ನೋ ಸಂಜೆಯ ಆಕಾಶವನ್ನೋ ಮೂಡಿಸುತ್ತದೆ. ಕ್ಯಾಮೆರಾ ಚಲಿಸಿದಂತೆ ದೃಶ್ಯವೂ ಚಲಿಸುತ್ತದೆ. ನಟನು ಹಸುರು ಬಟ್ಟೆಯನ್ನು ನೋಡಿ ಬೆರಗಾಗಬೇಕಾದ ಕಷ್ಟವು ಇಲ್ಲಿ ತಪ್ಪಿತು. ಅವನ ಕಣ್ಣಿನೆದುರಿಗೆ ಏನೋ ಒಂದು ಇದೆ. ಕಸಿದುಕೊಂಡ ವಿಭಾವವನ್ನು ಯಂತ್ರವೇ ಹಿಂದಕ್ಕೆ ಕೊಟ್ಟಿತು.

ತದ್ವಿರುದ್ಧವಾದ ಮಾರ್ಗವೂ ತೆರೆದಿದೆ. 1994ರಲ್ಲಿ ತೀರಿಕೊಂಡ ಪೀಟರ್ ಕುಶಿಂಗ್ ಎಂಬ ನಟನ ಮುಖವನ್ನು 2016ರ ‘ರೋಗ್ ವನ್’ ಚಿತ್ರದಲ್ಲಿ ಗಣಕಯಂತ್ರದಿಂದ ಪುನಃ ರಚಿಸಿ, ಗೈ ಹೆನ್ರಿ ಎಂಬ ಮತ್ತೊಬ್ಬ ನಟನ ಅಭಿನಯಕ್ಕೆ ತೊಡಿಸಿದರು. ಹೋಲಿಕೆಯು ಆಶ್ಚರ್ಯಕರವಾಗಿದೆ, ಆದರೆ ಆ ಕಣ್ಣುಗಳಲ್ಲಿ ಯಾರೂ ಇಲ್ಲ. ಅಭಿನಯಿಸಿದವನ ಮುಖವು ಮುಚ್ಚಿಹೋಯಿತು. ಮುಖದ ಒಡೆಯನಿಗೆ ತನ್ನ ಮುಖದಲ್ಲಿ ಮೂಡಿದ ಭಾವವೇನೆಂಬುದೇ ತಿಳಿಯದು. 2023ರಲ್ಲಿ ಅಮೆರಿಕದ ನಟರು 118 ದಿನ ಮುಷ್ಕರ ಹೂಡಿದುದಕ್ಕೆ ಇದ್ದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ನಟನ ಒಪ್ಪಿಗೆಯೂ ಸಂಭಾವನೆಯೂ ಇಲ್ಲದೆ ಅವನ ಯಾಂತ್ರಿಕ ಪ್ರತಿಕೃತಿಯನ್ನು ಬಳಸಬಾರದೆಂಬ ನಿಬಂಧನೆಗಳನ್ನು ಅವರು ಒಪ್ಪಂದದಲ್ಲಿ ಸೇರಿಸಿಕೊಂಡರು. ಲೋಕವು ಇದನ್ನು ಕೂಲಿಯ ಜಗಳವೆಂದು ತಿಳಿದಿರಬಹುದು. ಸಹೃದಯರಿಗೆ ಇದು ರಸದ ಪ್ರಶ್ನೆಯೂ ಹೌದು.

ಅದ್ಭುತರಸಕ್ಕೆ ಸ್ಥಾಯಿಯು ವಿಸ್ಮಯ. ತೆರೆಯ ಮೇಲೆ ಪರ್ವತವು ಹಾರಿದರೂ ಅದನ್ನು ಕಂಡು ವಿಸ್ಮಯಗೊಳ್ಳುವ ಪಾತ್ರವೊಂದು ಆ ಕಥೆಯೊಳಗೆ ಇಲ್ಲದಿದ್ದರೆ, ಪ್ರೇಕ್ಷಕನ ಬೆರಗು ಪರ್ವತಕ್ಕೆ ಸಲ್ಲದೆ, ಅದನ್ನು ಹಾರಿಸಿದ ಯಂತ್ರಕ್ಕೂ ಅದಕ್ಕೆ ತಗುಲಿದ ವೆಚ್ಚಕ್ಕೂ ಸಲ್ಲುವುದು. ಅಂತಹ ಬೆರಗು ಮುಂದಿನ ವರ್ಷದ ಯಂತ್ರವು ಬರುವವರೆಗೆ ಮಾತ್ರ ಬಾಳುವುದು. ಅರುವತ್ತು ವರ್ಷಗಳ ಮೇಲಾದರೂ ಸಾವಿತ್ರಿಯವರ ಆ ರಾಕ್ಷಸನಡೆ ಹಳತಾಗಿಲ್ಲ. ಮಕ್ಕಳನ್ನು ಮಾಯಾಚಿತ್ರಗಳಿಗೆ ಕರೆದೊಯ್ಯುವ ಗೃಹಸ್ಥರು ಹಿಂತಿರುಗುವಾಗ ಏನೇನು ಕಂಡಿರೆಂದು ಕೇಳುವುದಕ್ಕಿಂತ, ಆ ಚಿತ್ರದಲ್ಲಿ ಯಾರು ಬೆರಗಾದರು, ಯಾರು ಅತ್ತರು ಎಂದು ಕೇಳುವುದು ಲೇಸು. ಮಗುವು ಒಂದು ಹೆಸರನ್ನಾದರೂ ಹೇಳಿದರೆ ಟಿಕೇಟಿನ ಹಣವು ಸಾರ್ಥಕವಾಯಿತೆಂದು ತಿಳಿಯಬಹುದು.